ಒಂದನೇ ತರಗತಿ: ಪೋಷಕರೂ ಹೊಸ ಶಿಕ್ಷಕರೂ ಪದೇ ಪದೇ ಕೇಳುವ ಪ್ರಶ್ನೆಗಳು

ಕರ್ನಾಟಕದ ಸರ್ಕಾರಿ ಕನ್ನಡ ಮಾಧ್ಯಮ ಶಾಲೆಯ ಒಂದನೇ ತರಗತಿಯನ್ನು, ಅಂದರೆ ನಲಿ-ಕಲಿ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದ ಉತ್ತರಗಳಿವು. ಖಾಸಗಿ ಶಾಲೆಯಲ್ಲಿ ಪುಸ್ತಕ ಬೇರೆ, ಕೂರುವ ರೀತಿ ಬೇರೆ ಇರಬಹುದು. ಆದರೆ ಆರು ವರ್ಷದ ಮಗುವಿನ ಕಿವಿ, ಕಣ್ಣು, ಬೆರಳು ಎಲ್ಲ ಕಡೆಯೂ ಒಂದೇ ರೀತಿ ಕೆಲಸ ಮಾಡುತ್ತವೆ.

ಒಂದನೇ ತರಗತಿಗೆ ಸೇರಿಸಲು ಮಗುವಿಗೆ ಎಷ್ಟು ವಯಸ್ಸಾಗಿರಬೇಕು?

ಜೂನ್ 1ಕ್ಕೆ 6 ವರ್ಷ ತುಂಬಿರಬೇಕು ಎಂಬುದು ನಿಯಮ. 2025-26ರ ಸಾಲಿಗೆ ಮಾತ್ರ 5 ವರ್ಷ 5 ತಿಂಗಳೆಂದು ಸಡಿಲಿಸಲಾಗಿತ್ತು. ದಾಖಲಾತಿಗೆ ಮುನ್ನ ಆಯಾ ವರ್ಷದ ಸುತ್ತೋಲೆಯನ್ನು ಮುಖ್ಯ ಶಿಕ್ಷಕರ ಬಳಿ ಕೇಳಿ ನೋಡಿ. ‘ಒಂದು ವರ್ಷ ವೇಸ್ಟ್ ಆಗುತ್ತದೆ’ ಎಂದು ಕೊರಗಬೇಕಿಲ್ಲ. ಐದೂವರೆ ವರ್ಷದ ಕೈಗೆ ಬಳಪ ಹಿಡಿಯುವುದೇ ಒಂದು ದುಡಿಮೆ, ಆರು ದಾಟಿದ ಕೈಗೆ ಅದು ಆಟ.

ನಲಿ-ಕಲಿ ಎಂದರೇನು? ಪಠ್ಯಪುಸ್ತಕ ಎಲ್ಲಿ?

1995ರಲ್ಲಿ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ, ಯುನಿಸೆಫ್ ನೆರವಿನಿಂದ ಶುರುವಾದ ಪದ್ಧತಿ ಇದು. ಆಂಧ್ರದ ರಿಷಿ ವ್ಯಾಲಿಯ ಗ್ರಾಮೀಣ ಶಾಲೆಗಳ ಕಾರ್ಡು ಪದ್ಧತಿಯನ್ನು ನೋಡಿ ಬಂದ ಶಿಕ್ಷಕರೇ ಇದನ್ನು ಕನ್ನಡಕ್ಕೆ ಒಗ್ಗಿಸಿದರು. 2009-10ರ ಹೊತ್ತಿಗೆ ರಾಜ್ಯದ ಎಲ್ಲ ಸರ್ಕಾರಿ ಕನ್ನಡ ಶಾಲೆಗಳ ಕೆಳ ತರಗತಿಗಳಿಗೆ ಬಂತು.

ಪಾಠವನ್ನು ಚಿಕ್ಕ ಚಿಕ್ಕ ಮೆಟ್ಟಿಲುಗಳಾಗಿ ಒಡೆದಿರುತ್ತಾರೆ. ಪ್ರತಿ ಮೆಟ್ಟಿಲಿಗೂ ಒಂದು ಕಾರ್ಡು, ಕಾರ್ಡಿಗೊಂದು ಚಿತ್ರದ ಲೋಗೋ. ಗೋಡೆಯ ಮೇಲಿನ ಕಲಿಕಾ ಏಣಿಯಲ್ಲಿ ಮಗು ತನ್ನ ಲೋಗೋ ಹುಡುಕಿ, ಕಾರ್ಡು ತಂದು, ತನ್ನ ಗುಂಪಿನ ತಟ್ಟೆಯ (ಗುಂಪಿನ ಗುರುತಿನ ಫಲಕ) ಸುತ್ತ ಕೂರುತ್ತದೆ. ತಲೆಯ ಮೇಲೆ ಹಗ್ಗ ಕಟ್ಟಿ ಮಕ್ಕಳ ಚಿತ್ರ, ಬರಹಗಳನ್ನು ತೂಗುಹಾಕಿದ್ದು ಚಪ್ಪರ. ಗೋಡೆಯ ಕೆಳಭಾಗದಲ್ಲಿ ಮಗುವಿನ ಎತ್ತರಕ್ಕೆ ಬಳಿದ ಕಪ್ಪು ಪಟ್ಟಿ ಅವರವರ ಗೋಡೆ ಹಲಗೆ. ಒಂದು, ಎರಡು, ಮೂರನೇ ತರಗತಿಯವರು ಒಂದೇ ಕೋಣೆಯಲ್ಲಿ ಬೆರೆತು ಕೂರುವುದು ಸಾಮಾನ್ಯ, ಅದು ಶಾಲೆಯ ಬಡತನದ ಗುರುತಲ್ಲ. ಮನೆಗೆ ಬರುವ ಅಭ್ಯಾಸ ಪುಸ್ತಕವೇ ಇಲ್ಲಿಯ ಪಠ್ಯಪುಸ್ತಕ.

ಶಾಲೆಗೆ ಸೇರಿ ಒಂದು ತಿಂಗಳಾಯಿತು. ಇನ್ನೂ ಅ ಆ ಇ ಈ ಬರುವುದಿಲ್ಲ. ಏನು ಕಲಿಸುತ್ತಿದ್ದಾರೆ?

ಮೊದಲ ವಾರಗಳೆಲ್ಲ ಸಿದ್ಧತೆಗೆ. ಹಾಡು, ಕತೆ, ಮಣಿ ಪೋಣಿಸುವುದು, ಚಿತ್ರ ನೋಡಿ ಮಾತಾಡುವುದು, ಹವಾಮಾನ ನಕ್ಷೆಯಲ್ಲಿ ಬಿಸಿಲೋ ಮೋಡವೋ ಗುರುತಿಸುವುದು. ಇದೆಲ್ಲ ಕಾಲಹರಣದಂತೆ ಕಾಣುತ್ತದೆ, ಆದರೆ ‘ಮರ’ ಎಂಬ ಮಾತಿನಲ್ಲಿ ಎರಡು ಸದ್ದುಗಳಿವೆ ಎಂದು ಕಿವಿಗೆ ತಿಳಿಯದ ಮಗುವಿಗೆ ಎರಡು ಅಕ್ಷರ ತೋರಿಸಿ ಪ್ರಯೋಜನವಿಲ್ಲ.

ಆಮೇಲೂ ಅ ಆ ಇ ಈ ಕ್ರಮದಲ್ಲಿ ಕಲಿಸುವುದಿಲ್ಲ. ವರ್ಣಮಾಲೆಯ 49 ಅಕ್ಷರಗಳ ಕ್ರಮ ಅದ್ಭುತವಾದದ್ದೇ, ಗಂಟಲಿನಿಂದ ತುಟಿಯವರೆಗೆ ಉಚ್ಚಾರಣೆಯ ಸ್ಥಾನ ಹಿಡಿದು ಜೋಡಿಸಿದ್ದು. ಆದರೆ ಅದು ವ್ಯಾಕರಣ ಬಲ್ಲವರ ಕ್ರಮ, ಓದು ಕಲಿಯುವವರದ್ದಲ್ಲ. ಅ ಆ ಇ ಈ ಉ ಊ ಕಲಿತ ಮಗುವಿಗೆ ಆರು ಅಕ್ಷರ ಬಂದರೂ ಓದಲು ಪದಗಳೇ ಸಿಗುವುದಿಲ್ಲ. ನಲಿ-ಕಲಿಯಲ್ಲಿ ಮೊದಲು ಬರುವ ಗುಂಪು ರ, ಗ, ಸ, ದ, ಅ. ಐದೇ ಅಕ್ಷರಕ್ಕೆ ಸರ, ರಸ, ದರ, ಅರಸ, ಅಗಸ, ಗರಗಸ ಇಷ್ಟು ಪದಗಳು ಕೈಗೆ ಬರುತ್ತವೆ. ಮುಂದಿನ ಗುಂಪಿನ ಜ, ವ, ಮ, ಬ, ನ ಸೇರಿದರೆ ‘ಬಸವನ ದನ’, ‘ಅರಸನ ನಗರ’ ಎಂದು ಎರಡೆರಡು ಪದ ಕೂಡಿಸಿ ಓದಬಹುದು. ಒಂದೇ ಒಂದು ಕಾಗುಣಿತ ಚಿಹ್ನೆಯೂ ಬೇಕಾಗುವುದಿಲ್ಲ.

ಮನೆಯಲ್ಲಿ ಸಮಾಂತರವಾಗಿ ಅ ಆ ಇ ಈ ಬಾಯಿಪಾಠ ಮಾಡಿಸಿದರೆ ಕೇಡೇನಿಲ್ಲ, ಹಾಡಿನಂತೆ ಹೇಳಲಿ. ಬರೆಸುವುದು ಮಾತ್ರ ಬೇಡ.

ಒಂದು ಅಕ್ಷರವನ್ನು ಕಲಿಸುವ ಹಂತಗಳೇನು?

‘ಸ’ ಎಂದುಕೊಳ್ಳಿ. ಮೊದಲು ಕಿವಿಗೆ. ಸರ, ಸಂತೆ, ಮರ, ಸಕ್ಕರೆ, ಗಡಿಗೆ ಎಂದು ಹೇಳುತ್ತ ಹೋಗಿ, ‘ಸ’ದಿಂದ ಶುರುವಾದಾಗ ಮಾತ್ರ ಚಪ್ಪಾಳೆ. ಐದಾರು ಮಕ್ಕಳ ಗುಂಪಿಗೆ ಐದು ನಿಮಿಷ ಸಾಕು. ನಂತರ ನೆಲದ ಮೇಲೆ ಎರಡಡಿ ಎತ್ತರದ ‘ಸ’ ಬರೆದು ಅದರ ಮೇಲೆ ನಡೆಸಿ, ಮರಳಿನ ತಟ್ಟೆಯಲ್ಲಿ ತೋರುಬೆರಳಿನಿಂದ ತಿದ್ದಿಸಿ. ಮೂರನೆಯದು ಹುಡುಕಾಟ. ಹತ್ತು ಅಕ್ಷರಗಳ ನಡುವೆ ಮೂರು ‘ಸ’ ಇಟ್ಟು ಆರಿಸಲು ಹೇಳಿ. ನಾಲ್ಕನೆಯದು ಕೂಡಿಸುವುದು: ‘ಸ’ ಮಿಂಚುಪಟ್ಟಿಯ (ಅಕ್ಷರ ಬರೆದ ರಟ್ಟಿನ ಚೀಟಿ) ಪಕ್ಕ ‘ರ’ ಇಟ್ಟು, ಎರಡರ ಕೆಳಗೂ ಬೆರಳನ್ನು ನಿಲ್ಲಿಸದೆ ಜಾರಿಸುತ್ತ ‘ಸರ’. ಬರೆಯುವುದು ಎಲ್ಲಕ್ಕಿಂತ ಕೊನೆಗೆ.

ಎಡವಟ್ಟು ಆಗುವುದು ಸಾಮಾನ್ಯವಾಗಿ ಎರಡು ಕಡೆ. ಒಂದು, ‘ಅ ಅಂದರೆ ಅರಸ, ಸ ಅಂದರೆ ಸರ’ ಎಂದು ಚಿತ್ರಪಟದಿಂದ ಹೇಳಿಸಿ ಹೇಳಿಸಿ, ಮಗು ‘ಸ’ ಕಂಡಕೂಡಲೇ ‘ಸರ’ ಎನ್ನುತ್ತದೆ. ಅದಕ್ಕೆ ‘ರಸ’ ಓದಲು ಕೊಟ್ಟರೆ ‘ರಥ ಸರ’ ಎಂದು ಬಿಡುತ್ತದೆ. ಚಿತ್ರ ಮೊದಲ ಎರಡು ದಿನಕ್ಕೆ ಸಾಕು, ಆಮೇಲೆ ತೆಗೆದುಬಿಡಿ. ಇನ್ನೊಂದು, ಅಕ್ಷರ ಅಕ್ಷರವಾಗಿ ನಿಲ್ಲಿಸಿ ಓದುವುದು. ಕನ್ನಡದಲ್ಲಿ ಅಕ್ಷರದ ಹೆಸರೇ ಅದರ ಉಲಿ, ಈ ಅನುಕೂಲ ಇಂಗ್ಲಿಷಿನಲ್ಲಿಲ್ಲ. ಹಾಗಿದ್ದೂ ‘ಗ… ರ… ಗ… ಸ’ ಎಂದು ಓದಿ ಮುಗಿಸಿದ ಮಗುವಿಗೆ ಅದು ಗರಗಸವೆಂದು ಹೊಳೆಯದಿದ್ದರೆ ನಡುವಿನ ನಿಲುಗಡೆಯೇ ಕಾರಣ. ಎರಡಕ್ಷರದ ಪದಕ್ಕೆ ಹಿಂತಿರುಗಿ, ಬೇಗ ಹೇಳಿಸಿ.

ಬಾಯಲ್ಲಿ ಕಾಗುಣಿತ ಪಟಪಟ ಹೇಳುತ್ತಾಳೆ, ‘ಕೀ’ ತೋರಿಸಿದರೆ ಗೊತ್ತಾಗುವುದಿಲ್ಲ. ಯಾಕೆ?

ಕ ಕಾ ಕಿ ಕೀ ಎಂದು ಸಾಲು ಹೇಳುವಾಗ ಮಗು ಅಕ್ಷರ ನೋಡುತ್ತಿಲ್ಲ, ರಾಗ ಹೇಳುತ್ತಿದೆ. ಪರೀಕ್ಷಿಸಬೇಕೆಂದರೆ ನಡುವಿನಿಂದ ಕೇಳಿ. ‘ಕೀ’ ತೋರಿಸಿದಾಗ ಮಗು ತುಟಿಯಲ್ಲೇ ‘ಕ ಕಾ ಕಿ…’ ಎಂದು ಮೊದಲಿನಿಂದ ಎಣಿಸಿಕೊಂಡು ಬರುವುದು ಕಾಣುತ್ತದೆ.

ಉಪಾಯ ಸುಲಭ, ಅಡ್ಡಸಾಲಿನ ಬದಲು ಕಂಬಸಾಲು. ಒಂದೇ ಅಕ್ಷರಕ್ಕೆ ಎಲ್ಲ ಚಿಹ್ನೆ ಹಚ್ಚಬೇಡಿ, ಒಂದೇ ಚಿಹ್ನೆಯನ್ನು ಬಲ್ಲ ಅಕ್ಷರಗಳಿಗೆಲ್ಲ ಹಚ್ಚಿ. ಮೊದಲು ದೀರ್ಘದ ಇಳಿ: ರಾ, ಗಾ, ಸಾ, ದಾ, ಮಾ, ನಾ. ಅದೇ ದಿನ ಪದಗಳು: ದಾರ, ರಾಗ, ಮಾವ, ನಾರ. ಪಕ್ಕದಲ್ಲೇ ಜೋಡಿ ಇಡಿ: ಸರ-ಸಾರ, ದರ-ದಾರ, ಮರ-ಮಾರ. ಚಿಕ್ಕದಕ್ಕೆ ಒಂದು ಚಪ್ಪಾಳೆ, ಉದ್ದದ್ದಕ್ಕೆ ಎರಡೂ ಅಂಗೈ ಎಳೆದಂತೆ ಅಗಲಿಸುವುದು. ಒಂದು ಚಿಹ್ನೆಗೆ ನಾಲ್ಕೈದು ದಿನ ಹಿಡಿದರೂ ಪರವಾಗಿಲ್ಲ. ಕಿ-ಕೀ, ಕೆ-ಕೇ, ಕೊ-ಕೋ ಈ ಮೂರು ಜೋಡಿಗಳಲ್ಲೂ ಉದ್ದ ಮಾಡುವ ಬಾಲ ಒಂದೇ ಎಂದು ಯಾರಾದರೂ ತೋರಿಸಿಕೊಟ್ಟರೆ ಮಕ್ಕಳಿಗೆ ಗುಟ್ಟು ಸಿಕ್ಕಷ್ಟು ಖುಷಿ.

‘ವು’ ಬಂದಾಗ ಮಾತ್ರ ಒಂದು ನಿಮಿಷ ನಿಲ್ಲಿ. ಕೊಂಬನ್ನು ‘ಕು’ವಿನಂತೆ ಪಕ್ಕಕ್ಕೆ ಹಚ್ಚಿದರೆ ‘ವ’ ಹೋಗಿ ‘ಮ’ ಆಗಿಬಿಡುತ್ತದೆ, ಅದಕ್ಕೇ ಅಲ್ಲಿ ಕೊಂಬು ಕೆಳಗಿನಿಂದ ಬರುತ್ತದೆ. ‘ಪು’ವಿಗೂ ಹಾಗೆಯೇ.

ಒತ್ತಕ್ಷರ ಈ ವರ್ಷವೇ ಕಲಿಸಬೇಕೇ?

ಅಮ್ಮ, ಅಪ್ಪ, ಅಕ್ಕ, ಅಣ್ಣ, ಅಜ್ಜ ಎಲ್ಲರಿಗೂ ಒತ್ತಿದೆ! ಹೀಗಾಗಿ ಮಗು ತಾನಾಗಿಯೇ ಕೇಳುತ್ತದೆ. ಇಂಥ ಹತ್ತು-ಹನ್ನೆರಡು ಪದಗಳನ್ನು ಇಡಿಯಾಗಿ, ಚಿತ್ರ ಗುರುತಿಸಿದಂತೆ ಗುರುತಿಸಲಿ. ಸಜಾತೀಯ ಒತ್ತು (ಕ್ಕ, ಪ್ಪ, ಮ್ಮ) ಬೇಗ ಹತ್ತುತ್ತದೆ. ‘ಆಸ್ತಿ’ಯಂಥದ್ದು ಕಷ್ಟ: ಗುಡಿಸು ‘ಸ’ದ ತಲೆಯ ಮೇಲಿದೆ, ಸದ್ದು ಮಾತ್ರ ‘ತ’ದ ನಂತರ. ಮಗು ‘ಆಸಿತ’ ಎಂದು ಓದಿದರೆ ಅದು ಕಣ್ಣಿಗೆ ಕಂಡಂತೆಯೇ ಓದಿದೆ, ದಡ್ಡತನವಲ್ಲ. ಅರ್ಕಾವತ್ತನ್ನು ಮುಂದಿನ ವರ್ಷಕ್ಕೆ ಬಿಡಿ.

ವ-ಮ, ಅ-ಆ, ಬ-ಭ ಅದಲುಬದಲಾಗುತ್ತವೆ. ಏನು ಮಾಡುವುದು?

ಇದರಲ್ಲಿ ಎರಡು ಬಗೆ. ವ-ಮ, ರ-ಠ, ಪ-ಷ ಇವು ಕಣ್ಣಿನ ಗೊಂದಲ. ಒಂದು ಗಟ್ಟಿಯಾಗುವವರೆಗೆ ಇನ್ನೊಂದನ್ನು ತೋರಿಸಬಾರದು. ಎರಡನೇ ಗುಂಪಿನಲ್ಲಿ ವ, ಮ ಜೊತೆಯಲ್ಲೇ ಬರುವುದರಿಂದ ಹೆಚ್ಚು ಮಕ್ಕಳು ಅಲ್ಲೇ ಸಿಕ್ಕಿಕೊಳ್ಳುತ್ತಾರೆ. ‘ಮ’ ಕಾರ್ಡನ್ನು ಎರಡು-ಮೂರು ದಿನ ತಡಮಾಡಿದರೆ ಆಕಾಶವೇನೂ ಬೀಳದು. ಬ-ಭ, ದ-ಧ ಮಾತ್ರ ಕಿವಿಯ ಗೊಂದಲ. ಮನೆಯ ಮಾತಿನಲ್ಲಿ ಮಹಾಪ್ರಾಣವೇ ಇಲ್ಲದಿರುವಾಗ ಮಗು ಎರಡನ್ನೂ ಒಂದೇ ಎನ್ನುವುದು ಸಹಜ. ಅಂಗೈಯನ್ನು ಬಾಯಿಯ ಮುಂದೆ ಹಿಡಿದು ಉಸಿರು ತಗಲುವುದನ್ನು ತೋರಿಸಿ, ವರ್ಷದ ಕೊನೆಯ ಭಾಗದಲ್ಲಿ.

ಬರವಣಿಗೆ ಯಾವಾಗ ಶುರು, ದಿನಕ್ಕೆ ಎಷ್ಟು?

ಅಕ್ಷರ ಗುರುತಿಸಿ, ಎರಡಕ್ಷರದ ಪದ ಓದಿದ ಮೇಲೆ. ಮೊದಲು ಗೋಡೆ ಹಲಗೆಯಲ್ಲಿ ನಿಂತು ಬರೆಯುವುದು, ಆಗ ಭುಜದಿಂದ ಕೈ ಆಡುತ್ತದೆ. ನಂತರ ಸ್ಲೇಟು, ಬಳಿಕ ದೊಡ್ಡ ಚೌಕದ ಹಾಳೆ, ಕೊನೆಗೆ ಒಂದು ಗೆರೆಯ ಪುಸ್ತಕ. ಬಳಪ ಎರಡು ಅಂಗುಲದಷ್ಟು ಉದ್ದವಿದ್ದರೆ ಬೆರಳತುದಿಯಲ್ಲಿ ತಾನಾಗಿ ಕೂರುತ್ತದೆ. ತೀರ ಚೂರಾದರೆ ಉಗುರು ಸ್ಲೇಟಿಗೆ ತಾಗುತ್ತದೆ, ಹೊಸದನ್ನು ಇಡಿಯಾಗಿ ಕೊಟ್ಟರೆ ಮುಷ್ಟಿಯಲ್ಲಿ ಹಿಡಿಯುತ್ತಾರೆ.

ರ, ಗ, ಸ ಮುಂತಾದವಕ್ಕೆ ಮೈ ಮೊದಲು, ತಲೆಕಟ್ಟು ಕೊನೆಗೆ. ಮಗು ಬರೆಯುವುದನ್ನು ನೋಡಬೇಕು, ಬರೆದದ್ದನ್ನಲ್ಲ. ಬರೆದು ಮುಗಿಸಿದ ಅಕ್ಷರ ಸರಿಯಿದ್ದರೂ ಎಲ್ಲಿಂದಲೋ ಶುರುಮಾಡಿ ಎಲ್ಲೋ ಮುಗಿಸಿರಬಹುದು, ಆ ಅಭ್ಯಾಸ ಮೂರನೇ ತರಗತಿಯಲ್ಲಿ ಬರಹವನ್ನು ನಿಧಾನ ಮಾಡುತ್ತದೆ. ಒಮ್ಮೆಗೆ ನಾಲ್ಕು ಅಕ್ಷರ, ಅವುಗಳಲ್ಲಿ ಚೆನ್ನಾಗಿ ಬಂದ ಒಂದಕ್ಕೆ ಮಗುವೇ ಸುತ್ತು ಹಾಕಲಿ. ಒಂದು ಪುಟ ತುಂಬ ‘ಅ’ ಬರೆಸಿದರೆ ಕೊನೆಯ ಸಾಲಿನ ‘ಅ’ ಮೊದಲ ಸಾಲಿನದ್ದಕ್ಕಿಂತ ಕೆಟ್ಟದಾಗಿರುತ್ತದೆ. ಅಂದರೆ ಮಗು ಕೆಟ್ಟದ್ದನ್ನೇ ಅಭ್ಯಾಸ ಮಾಡಿತು.

ಎಡಗೈಯಲ್ಲಿ ಬರೆಯುತ್ತಾನೆ. ಬದಲಿಸಬೇಕೇ?

ಬೇಡ. ಸಾಲಿನ ಎಡತುದಿಯಲ್ಲಿ ಕೂರಿಸಿ, ಪಕ್ಕದವರ ಮೊಣಕೈಗೆ ತಾಗದು. ಸ್ಲೇಟಿನ ಮೇಲ್ತುದಿಯನ್ನು ತುಸು ಬಲಕ್ಕೆ ಓರೆ ಮಾಡಿ, ಕೈಯನ್ನು ಸಾಲಿನ ಕೆಳಗಿಟ್ಟು ಬರೆಯಲಿ. ಇಲ್ಲದಿದ್ದರೆ ಬರೆದದ್ದನ್ನು ತಾನೇ ಒರೆಸಿಕೊಳ್ಳುತ್ತ ಹೋಗುತ್ತಾನೆ.

ಮನೆಯಲ್ಲಿ ಆಡುವ ಕನ್ನಡ ಬೇರೆ, ಅಥವಾ ಮನೆಮಾತೇ ಕನ್ನಡವಲ್ಲ. ತೊಂದರೆಯಾಗುವುದೇ?

‘ಹಾಲು’ ಬದಲು ‘ಆಲು’ ಎಂದು ಬರೆಯುವ ಮಂಡ್ಯ ಕಡೆಯ ಮಗು ತಪ್ಪು ಮಾಡುತ್ತಿಲ್ಲ, ತನ್ನ ಕಿವಿಗೆ ಕೇಳಿದ್ದನ್ನು ನಿಖರವಾಗಿ ಬರೆಯುತ್ತಿದೆ. ‘ನಾವು ಹೀಗೆ ಅಂತೀವಿ, ಪುಸ್ತಕ ಹೀಗೆ ಬರೀತದೆ’ ಎಂದು ಎರಡನ್ನೂ ಪಕ್ಕಪಕ್ಕ ಬರೆದು ತೋರಿಸಿದರೆ ಸಾಕು. ಆಡುಮಾತನ್ನು ತಿದ್ದಲು ಹೋದರೆ ಮಗು ಮಾತೇ ನಿಲ್ಲಿಸುತ್ತದೆ, ಆಮೇಲೆ ತಿದ್ದಲು ಏನೂ ಉಳಿಯುವುದಿಲ್ಲ.

ಲಂಬಾಣಿ, ತುಳು, ಉರ್ದು, ತೆಲುಗು, ಮರಾಠಿ ಮನೆಮಾತಿನ ಮಕ್ಕಳಿಗೆ ಮೊದಲ ತಿಂಗಳುಗಳಲ್ಲಿ ಪ್ರಶ್ನೆ ಕನ್ನಡದಲ್ಲಿರಲಿ, ಉತ್ತರ ಅವರ ಮಾತಿನಲ್ಲಿ ಬಂದರೂ ಒಪ್ಪಿಕೊಳ್ಳಿ. ಗಡಿಯಾಚೆ ಕಾಸರಗೋಡಿನ ಕನ್ನಡ ಶಾಲೆಗಳಲ್ಲಿ ತುಳು ಮನೆಮಾತಿನ ಮಕ್ಕಳು ಮೊದಲಿನಿಂದಲೂ ಹೀಗೆಯೇ ಕಲಿಯುತ್ತ ಬಂದಿದ್ದಾರೆ. ಶಿಕ್ಷಕರು ಆ ಭಾಷೆಯ ಇಪ್ಪತ್ತು ಮಾತು ಕಲಿತರೂ ಸಾಕಷ್ಟಾಯಿತು: ನೀರು, ಹೊಟ್ಟೆನೋವು, ಬಾ, ಕೂರು, ಮನೆಗೆ ಹೋಗಬೇಕು.

ಗಣಿತ: ನೂರರವರೆಗೆ ಹೇಳುತ್ತಾನೆ. ಎಂಟು ಕಲ್ಲು ಕೊಡು ಎಂದರೆ ಕೈತುಂಬ ಕೊಡುತ್ತಾನೆ!

ಕಾಗುಣಿತದ ಕತೆಯೇ ಇಲ್ಲೂ. ಹೇಳುವುದು ಬೇರೆ, ಎಣಿಸುವುದು ಬೇರೆ. ಎಣಿಸಲು ಬರುತ್ತದೆಯೋ ನೋಡಲು ಏಳು ಹುಣಸೆ ಬೀಜ ಕೊಟ್ಟು ಎಣಿಸಲು ಹೇಳಿ, ಮುಗಿದ ಮೇಲೆ ‘ಹಾಗಾದರೆ ಎಷ್ಟು?’ ಎಂದು ಕೇಳಿ. ಮತ್ತೆ ಒಂದರಿಂದ ಎಣಿಸತೊಡಗಿದರೆ, ಕೊನೆಗೆ ಹೇಳಿದ ಸಂಖ್ಯೆಯೇ ಒಟ್ಟು ಎಂಬುದು ಇನ್ನೂ ಹೊಳೆದಿಲ್ಲ. ಒಂದೇ ಬೀಜವನ್ನು ಎರಡು ಸಲ ಎಣಿಸಿದರೆ, ಎಣಿಸಿದ್ದನ್ನು ಪಕ್ಕಕ್ಕೆ ಸರಿಸುವ ಅಭ್ಯಾಸ ಮಾಡಿಸಿ.

ಕೂಡುವುದಕ್ಕೆ ಮೊದಲು ಒಡೆಯುವುದು. ಚೌಕಾಬಾರಕ್ಕೆ ಮಾಡುವಂತೆ ಹತ್ತು ಹುಣಸೆ ಬೀಜಗಳ ಒಂದು ಬದಿಯನ್ನು ಕಲ್ಲಿಗೆ ತಿಕ್ಕಿ ಬಿಳಿ ಮಾಡಿಕೊಳ್ಳಿ. ಮಗು ಎಸೆಯಲಿ: ಆರು ಕಪ್ಪು ನಾಲ್ಕು ಬಿಳಿ, ಏಳು ಕಪ್ಪು ಮೂರು ಬಿಳಿ. ಎರಡು ವಾರ ದಿನಕ್ಕೆ ಹತ್ತು ಸಲ ಎಸೆದರೆ ಹತ್ತರ ಜೋಡಿಗಳು ಕೈಬೆರಳಿಲ್ಲದೆ ಬಾಯಿಗೆ ಬರುತ್ತವೆ.

ಹತ್ತು ದಾಟುವಾಗ ಕಡ್ಡಿ ಕಟ್ಟು ಬೇಕು. ತೆಂಗಿನ ಪೊರಕೆ ಕಡ್ಡಿಯನ್ನು ಬೆರಳುದ್ದ ಕತ್ತರಿಸಿ, ಪ್ರತಿ ಗುಂಪಿಗೆ ನೂರು. ಹತ್ತಾದ ಕೂಡಲೇ ಮಗುವೇ ರಬ್ಬರ್ ಬ್ಯಾಂಡ್ ಹಾಕಬೇಕು. ಶಿಕ್ಷಕರು ಮೊದಲೇ ಕಟ್ಟಿಟ್ಟ ಕಟ್ಟು ಮಗುವಿಗೆ ‘ಒಂದು ದಪ್ಪ ಕಡ್ಡಿ’ ಮಾತ್ರ, ಹತ್ತಲ್ಲ. ‘ಇಪ್ಪತ್ತೊಂದು’ ಎಂದರೆ 201 ಎಂದು ಬರೆಯುವ ಮಗು ಕೇಳಿದಂತೆ ಬರೆದಿದೆ, ಇಪ್ಪತ್ತು ಆಮೇಲೆ ಒಂದು. ಎರಡು ಕಟ್ಟು ಎಡಕ್ಕೆ, ಒಂದು ಬಿಡಿ ಬಲಕ್ಕೆ ಇಟ್ಟು ಅದರ ಕೆಳಗೇ ಅಂಕಿ ಬರೆಸಿ. ಕನ್ನಡದಲ್ಲಿ ಹೇಳುವ ಕ್ರಮ, ಬರೆಯುವ ಕ್ರಮ ಎರಡೂ ಒಂದೇ ಆಗಿರುವುದು ನಮ್ಮ ಮಕ್ಕಳ ಪುಣ್ಯ. ಹಿಂದಿ, ಉರ್ದುವಿನಲ್ಲಿ ಬಿಡಿಯನ್ನು ಮೊದಲು ಹೇಳಿ ಹತ್ತನ್ನು ಆಮೇಲೆ ಹೇಳಬೇಕು. ಕಾಡುವುದು ಹನ್ನೊಂದರಿಂದ ಹತ್ತೊಂಬತ್ತು, ಜೊತೆಗೆ ಒಂಬತ್ತು-ತೊಂಬತ್ತು.

(ಹೊಸ ಶಿಕ್ಷಕರಿಂದ) ಐದು ಗುಂಪುಗಳನ್ನು ಒಬ್ಬರೇ ಹೇಗೆ ನಿಭಾಯಿಸುವುದು?

ಐದಕ್ಕೂ ನೀವು ಬೇಕಿಲ್ಲ. ಶಿಕ್ಷಕರ ಪೂರ್ಣ ಬೆಂಬಲದ ತಟ್ಟೆಗೆ ಹೊಸ ಪರಿಕಲ್ಪನೆಯ ಮಕ್ಕಳು, ಭಾಗಶಃ ಬೆಂಬಲದ ತಟ್ಟೆಗೆ ಆಗಾಗ ಒಂದು ನೋಟ, ಉಳಿದವು ಗೆಳೆಯರ ಬೆಂಬಲದ್ದು ಮತ್ತು ಸ್ವಕಲಿಕೆಯದ್ದು. ಕೆಡುವುದು ಎಲ್ಲಿ ಎಂದರೆ, ಶಿಕ್ಷಕರು ಮೊದಲ ತಟ್ಟೆಗೆ ಬೆನ್ನು ಬಾಗಿಸಿ ಕೂತು ಮುಕ್ಕಾಲು ಗಂಟೆ ಏಳುವುದೇ ಇಲ್ಲ. ಗೋಡೆಗೆ ಬೆನ್ನು ಹಾಕಿ, ಇಡೀ ಕೋಣೆ ಕಾಣುವಂತೆ ಕುಳಿತುಕೊಳ್ಳಿ. ಹತ್ತು ನಿಮಿಷಕ್ಕೊಮ್ಮೆ ಎದ್ದು ಒಂದು ಸುತ್ತು.

ಗೆಳೆಯರ ಗುಂಪಿನಲ್ಲಿ ಮೂರನೇ ತರಗತಿಯ ಅಕ್ಕ ಎಲ್ಲವನ್ನೂ ತಾನೇ ಮಾಡಿ ಮುಗಿಸುತ್ತಾಳೆ. ‘ನೀನು ಕೇಳು, ಅವನು ತೋರಿಸಲಿ’ ಎಂಬ ಒಂದು ನಿಯಮ ಹಾಕಿ. ಕಾರ್ಡಿನ ಟ್ರೇ ಕೈಗೆಟುಕುವಷ್ಟು ಕೆಳಗಿರಲಿ, ಹರಿದ ಕಾರ್ಡನ್ನು ಅಂದೇ ಅಂಟಿಸಿ. ಕಾರ್ಡು ಇಲ್ಲದೆ ಕಾಯುವ ಮಗುವೇ ಜಗಳ ತೆಗೆಯುವುದು.

ಇನ್ನೊಂದು ರೋಗ, ಪ್ರಗತಿ ನೋಟದಲ್ಲಿ (ಯಾವ ಮಗು ಯಾವ ಮೆಟ್ಟಿಲು ಮುಗಿಸಿತೆಂದು ಗುರುತಿಸುವ ಪಟ್ಟಿ) ಗುರುತು ಮುಂದೆ ಓಡುತ್ತದೆ, ಮಗು ಹಿಂದೆ ಉಳಿಯುತ್ತದೆ. ಗುರುತು ಹಾಕುವ ಮುನ್ನ ಹಿಂದಿನ ಮೈಲಿಗಲ್ಲಿನ (ಕೆಲವು ಮೆಟ್ಟಿಲುಗಳ ಒಂದು ಗುಂಪು) ಮೂರು ಪದ ಓದಿಸಿ. ಮೂರರಲ್ಲಿ ಎರಡಾದರೂ ತಡವರಿಸದೆ ಬಂದರೆ ಮುಂದೆ.

ಪರೀಕ್ಷೆ ಇದೆಯೇ? ವರ್ಷದ ಕೊನೆಗೆ ಏನು ಬರಬೇಕು?

ಗಂಟೆ ಬಾರಿಸಿ ಕೂರಿಸುವ ಪರೀಕ್ಷೆ ಇಲ್ಲ, ಮೌಲ್ಯಮಾಪನ ಏಣಿಯ ನಡುನಡುವೆಯೇ ಇದೆ. ಫೇಲು ಮಾಡುವಂತಿಲ್ಲ. 2021ರಲ್ಲಿ ಶುರುವಾದ ನಿಪುಣ ಭಾರತ ಯೋಜನೆ ಒಂದನೇ ತರಗತಿಗೆ ಇಟ್ಟಿರುವ ಗುರಿ ಇಷ್ಟು: ನಾಲ್ಕೈದು ಸರಳ ಪದಗಳ ಪರಿಚಯವಿಲ್ಲದ ವಾಕ್ಯವನ್ನು ಓದುವುದು, 99ರವರೆಗೆ ಸಂಖ್ಯೆ ಓದಿ ಬರೆಯುವುದು, ಸರಳವಾಗಿ ಕೂಡಿ ಕಳೆಯುವುದು. ‘ಪರಿಚಯವಿಲ್ಲದ’ ಎಂಬ ಮಾತೇ ಇದರಲ್ಲಿ ಮುಖ್ಯ. ಬಾಯಿಪಾಠವಾದ ಪುಟವನ್ನು ಓದಿ ತೋರಿಸುವುದು ಲೆಕ್ಕಕ್ಕಿಲ್ಲ.

ಹೋಮ್‌ವರ್ಕ್ ಯಾಕೆ ಕೊಡುವುದಿಲ್ಲ?

ಒಂದು-ಎರಡನೇ ತರಗತಿಗೆ ಮನೆಗೆಲಸ ಕೊಡಕೂಡದು ಎಂದೇ ಇದೆ. 2019ರ ರಾಜ್ಯದ ಆದೇಶದಂತೆ ಈ ಮಕ್ಕಳ ಚೀಲ 2 ಕಿಲೋ ಮೀರಬಾರದು. ಮನೆಯಲ್ಲಿ ಹದಿನೈದು ನಿಮಿಷ ಮಾತಾಡಿ, ಒಂದು ಕತೆ ಹೇಳಿ, ಬಸ್ಸಿನ ಬೋರ್ಡು ಓದಿಸಿ, ತಟ್ಟೆ-ಲೋಟ ಎಣಿಸಿ ಹಾಕಿಸಿ. ಓದಲು ಬಾರದ ತಾಯ್ತಂದೆಯರೂ ಇದನ್ನೆಲ್ಲ ಮಾಡಬಲ್ಲರು.

ಶಾಲೆಗೆ ಹೋಗಲು ಅಳುತ್ತಾಳೆ. ಎರಡೇಟು ಕೊಟ್ಟರೆ ಸರಿಹೋಗುವುದಿಲ್ಲವೇ?

ಶಾಲೆಯಲ್ಲಿ ಹೊಡೆಯುವುದು, ಹಂಗಿಸುವುದು ಎರಡೂ 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಪ್ರಕಾರ ನಿಷಿದ್ಧ. ಅಳು ಸಾಮಾನ್ಯವಾಗಿ ಎರಡು-ಮೂರು ವಾರ. ಬಾಗಿಲಲ್ಲಿ ನಿಂತು ಇಣುಕಬೇಡಿ, ಹೇಳಿ ಹೊರಟುಬಿಡಿ. ಹೇಳದೆ ಕದ್ದು ಹೋಗುವುದಂತೂ ಬೇಡ. ತಿಂಗಳಾದರೂ ನಿಲ್ಲದಿದ್ದರೆ ಶೌಚಾಲಯದ ಬಗ್ಗೆ ಕೇಳಿ: ಚಿಲಕ ಎಟುಕದು, ಕತ್ತಲು, ಚಡ್ಡಿಯ ಗುಂಡಿ ಬಿಚ್ಚಲು ಬಾರದು, ಕಾರಣ ಬಹಳ ಸಲ ಅಷ್ಟೇ.

ಯಾವಾಗ ಗಂಭೀರವಾಗಿ ನೋಡಬೇಕು?

ಅಕ್ಷರವನ್ನು ಕನ್ನಡಿಯಲ್ಲಿ ಕಂಡಂತೆ ತಿರುಗಿಸಿ ಬರೆಯುವುದು ಈ ವಯಸ್ಸಿನಲ್ಲಿ ಸಾಮಾನ್ಯ. ಆದರೆ ಹಲಗೆ ನೋಡಲು ಕಣ್ಣು ಕಿರಿದು ಮಾಡುವುದು, ಒಂದೇ ಕಿವಿ ಕೊಟ್ಟು ಕೇಳುವುದು, ಹಿಂದಿನಿಂದ ಕರೆದರೆ ತಿರುಗದಿರುವುದು, ‘ಬರೆದುಕೋ’ ಎಂದರೆ ಪಕ್ಕದವರ ಸ್ಲೇಟನ್ನೇ ನೋಡುವುದು ಕಂಡರೆ ಮೊದಲು ಮುಂದಿನ ಸಾಲಿಗೆ ಕರೆದು ನೋಡಿ, ನಂತರ ಕಣ್ಣು-ಕಿವಿ ತಪಾಸಣೆ ಮಾಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೇ ಬರುತ್ತದೆ. ಅಂದು ಮಗುವನ್ನು ತಪ್ಪದೆ ಕಳುಹಿಸಿ.

ಜಾತ್ರೆ, ಸುಗ್ಗಿ, ಗುಳೆ ಎಂದು ಒಂದೆರಡು ತಿಂಗಳು ಬರಲಾಗದಿದ್ದರೆ?

ಏಣಿಯ ಲಾಭ ಕಾಣುವುದು ಇಲ್ಲೇ. ಮಗು ಎಲ್ಲಿ ಬಿಟ್ಟಿತ್ತೋ ಅಲ್ಲಿಂದ ಎರಡು ಮೆಟ್ಟಿಲು ಕೆಳಗಿನ ಕಾರ್ಡಿನಿಂದ ಶುರುಮಾಡಿಸಿ. ಬಿಟ್ಟಲ್ಲಿಂದಲೇ ಮುಂದುವರಿಸಿದರೆ ಮರೆತ ಅಕ್ಷರ ಎಡವಿಸುತ್ತದೆ. ಬಂದ ಮೊದಲ ವಾರ ಗೆಳೆಯರ ಗುಂಪಿನಲ್ಲಿರಲಿ. ಊರು ಬಿಡುವ ಮುನ್ನ ಪೋಷಕರು ಶಾಲೆಗೆ ತಿಳಿಸಿದರೆ, ಮಗುವಿಗೆ ಬರುವ ಅಕ್ಷರಗಳ ಮಿಂಚುಪಟ್ಟಿಯ ಒಂದು ಕಟ್ಟನ್ನು ಕೈಗೆ ಕೊಟ್ಟು ಕಳುಹಿಸಬಹುದು. ಹತ್ತೇ ಅಕ್ಷರವಾದರೂ ಸರಿ, ರಬ್ಬರ್ ಬ್ಯಾಂಡ್ ಹಾಕಿ, ಪ್ಲಾಸ್ಟಿಕ್ ಚೀಲದಲ್ಲಿ.